ಪಕ್ಷದ ಹಬ್ಬಕ್ಕೆ ಪಕ್ಷದ ಜಗಳ: ಅಣ್ಣ ತಮ್ಮನನ್ನು ಒಂದೇ ಸಾಲಿನಲ್ಲಿ ಕೂರಿಸುವುದು ಹೇಗೆ?

ಸೂಜಿದಾರ
2025 ಸೆಪ್ಟೆಂಬರ್ 6

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನವಳು. ಬ್ಲೌಸ್ ಹೊಲಿಯುವುದು ನನ್ನ ಕೆಲಸ. ಇಲ್ಲಿ ಓದುವುದೇ ಜಾಸ್ತಿ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ಬೈಕೋಬೇಡಿ.

ಈ ತಿಂಗಳ 21ಕ್ಕೆ ಮಹಾಲಯ ಅಮಾವಾಸ್ಯೆ. ನಮ್ಮ ಕಡೆ ಇದಕ್ಕೆ ಪಕ್ಷದ ಹಬ್ಬ ಅನ್ನುತ್ತೇವೆ. ತೀರಿಹೋದ ಹಿರಿಯರಿಗೆ ಎಡೆ ಇಡುವ ದಿನ. ಅಪ್ಪನಿಗೆ ಹೊಸ ಪಂಚೆ, ಕೋಳಿ ಸಾರು, ಮುದ್ದೆ, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಹಬ್ಬದ ಹೆಸರು ಹಾಗಿದೆ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಅಡ್ಡ ಬಂದಿರುವುದೂ ಪಕ್ಷವೇ.

ನಾವು ಮೂವರು. ಅಣ್ಣ ಊರಿನಲ್ಲಿದ್ದಾನೆ. ನಾಲ್ಕು ಎಕರೆ ತೆಂಗು ನೋಡಿಕೊಳ್ಳುತ್ತಾನೆ. ಅಮ್ಮ ಅವನ ಜೊತೆಗಿದ್ದಾಳೆ. ತಮ್ಮ ಪೀಣ್ಯದಲ್ಲಿ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ, ದಾಸರಹಳ್ಳಿಯಲ್ಲಿ ಬಾಡಿಗೆ ಮನೆ. ನಾನು ವಯಸ್ಸಿನಲ್ಲೂ ನಡುವೆ, ಜಗಳದಲ್ಲೂ ನಡುವೆ.

ಅಣ್ಣ ಅಪ್ಪನ ಹಾಗೆ ದಳದವನು. 2023ರ ಸೆಪ್ಟೆಂಬರ್‌ನಲ್ಲಿ ದಳ ಹೋಗಿ ಬಿಜೆಪಿ ಜೊತೆ ಸೇರಿತಲ್ಲ, ಅವತ್ತಿಂದ ಸಿಟ್ಟಾಗಿ ಕಾಂಗ್ರೆಸ್ ಕಡೆ ವಾಲಿದ. ತಮ್ಮ ಮೊದಲಿಂದಲೂ ಬಿಜೆಪಿ. ಮೋದಿ ಬಗ್ಗೆ ಒಂದು ಮಾತು ಕೇಳಿಸಿಕೊಳ್ಳುವುದಿಲ್ಲ. ನಾನು ಯಾರಿಗೆ ವೋಟು ಹಾಕುತ್ತೇನೆ ಅಂತ ನಮ್ಮ ಯಜಮಾನರಿಗೂ ಹೇಳಿಲ್ಲ. ಇಲ್ಲೂ ಹೇಳುವುದಿಲ್ಲ.

ಜಗಳ ಆಗಿದ್ದು 2024ರ ಏಪ್ರಿಲ್‌ನಲ್ಲಿ, ಲೋಕಸಭೆ ಚುನಾವಣೆ ಹೊತ್ತಿಗೆ. ಅತ್ತಿಗೆ ಗೃಹಲಕ್ಷ್ಮಿ ಎರಡು ಸಾವಿರ ಬಂದ ಮೆಸೇಜನ್ನು ಫೋಟೋ ಮಾಡಿ, ಎರಡು ದೀಪದ ಚಿತ್ರ ಸೇರಿಸಿ ಸ್ಟೇಟಸ್ ಹಾಕಿದ್ದಳು. ಅದರ ಮಾರನೇ ದಿನ ತಮ್ಮ ಮನೆ ಗ್ರೂಪಿಗೆ ಒಂದು ಫಾರ್ವರ್ಡ್ ಕಳಿಸಿದ. ಮೇಲೆ ಎರಡು ಬಾಣದ ಗುರುತಿತ್ತು, ಊರೆಲ್ಲ ಸುತ್ತಿ ಬಂದ ಮಾಲು. ಬಿಟ್ಟಿ ಭಾಗ್ಯದಿಂದ ರಾಜ್ಯ ಹಾಳಾಯಿತು, ಬಿಟ್ಟಿ ತಿಂದು ಜನ ಸೋಮಾರಿ ಆದರು ಅಂತ. ಅತ್ತಿಗೆ ಹೆಸರು ಅದರಲ್ಲಿ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಅಣ್ಣ "ಭಕ್ತರಿಗೆ ಬುದ್ಧಿ ಎಲ್ಲಿಂದ ಬರಬೇಕು" ಅಂದ. ತಮ್ಮ "ಗುಲಾಮರಿಗಿಂತ ವಾಸಿ" ಅಂದ. ರಾತ್ರಿ ಹನ್ನೆರಡಕ್ಕೆ ಮಾತು ತೋಟದ ಪಾಲಿನವರೆಗೂ ಹೋಯಿತು. ಬೆಳಿಗ್ಗೆ ಎದ್ದು ನೋಡಿದರೆ ತಮ್ಮ ಗ್ರೂಪ್ ಬಿಟ್ಟ ಅನ್ನುವ ಬೂದು ಬಣ್ಣದ ಸಾಲು. ಗ್ರೂಪಿನಲ್ಲಿ ಇಪ್ಪತ್ತಮೂರು ಜನ, ತಮ್ಮನ ಅತ್ತೆ ಮಾವನೂ ಸೇರಿ. ಎಲ್ಲರೂ ನೋಡಿದರು. ಯಾರೂ ಮಾತಾಡಲಿಲ್ಲ.

ತಮ್ಮನ ವೋಟು ಇನ್ನೂ ಊರಿನಲ್ಲೇ ಇದೆ. ಏಪ್ರಿಲ್ 26ರಂದು ರೈಲಿನಲ್ಲಿ ಬಂದ, ಊರ ಶಾಲೆಯಲ್ಲಿ ವೋಟು ಹಾಕಿದ, ಹಾಗೇ ತಿರುಗಿ ಹೋದ. ಶಾಲೆಯಿಂದ ನಮ್ಮ ಮನೆ ಕಾಣುತ್ತದೆ. ಅಮ್ಮ ಜಗಲಿ ಮೇಲೇ ಕೂತಿದ್ದಳು.

ಹೋದ ವರ್ಷದ ಪಕ್ಷಕ್ಕೂ ಬರಲಿಲ್ಲ. ಡ್ಯೂಟಿ ಇದೆ ಅಂದ. ಹೋದ ವರ್ಷ ಅಮಾವಾಸ್ಯೆ ಬಿದ್ದಿದ್ದು ಅಕ್ಟೋಬರ್ 2ಕ್ಕೆ. ಗಾಂಧಿ ಜಯಂತಿ ದಿನ ಯಾವ ಡ್ಯೂಟಿ ಅಂತ ನಾನು ಕೇಳಲಿಲ್ಲ.

ನನಗೆ ಅರ್ಥ ಆಗದೇ ಇರುವುದು ಇದು. ಅಣ್ಣನಿಗೆ ವರ್ಷಕ್ಕೆ ಮೂರು ಸಲ ಪಿಎಂ ಕಿಸಾನ್‌ನ ಎರಡು ಸಾವಿರ ಬರುತ್ತದೆ. ಅತ್ತಿಗೆಗೆ ಗೃಹಲಕ್ಷ್ಮಿಯ ಎರಡು ಸಾವಿರ. ಒಂದೇ ಮನೆ, ಒಂದೇ ಎರಡು ಸಾವಿರ. ತಮ್ಮನಿಗೆ ಒಂದು ರೈತರ ಗೌರವ, ಇನ್ನೊಂದು ಬಿಟ್ಟಿ. ಅಣ್ಣನಿಗೆ ಒಂದು ಬಡವರ ಹಕ್ಕು, ಇನ್ನೊಂದು ವೋಟಿನ ಗಿಮಿಕ್. ಕೊಬ್ಬರಿ ವಿಷಯದಲ್ಲೂ ಹೀಗೇ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇದ್ದರೆ ಮಾರ್ಕೆಟ್‌ನಲ್ಲಿ ಎಂಟು ಸಾವಿರದ ಹತ್ತಿರಕ್ಕೆ ಇಳಿದಿತ್ತು. ಇಬ್ಬರೂ ಒಬ್ಬರ ಸರ್ಕಾರವನ್ನು ಇನ್ನೊಬ್ಬರು ಬೈದರು. 2024ರಲ್ಲಿ ಕೇಂದ್ರದ 12,000ದ ಮೇಲೆ ರಾಜ್ಯ 1,500 ಸೇರಿಸಿತು. ಯಾರು ಕೊಟ್ಟಿದ್ದು ಅಂತ ಜಗಳ. ಈ ವರ್ಷ 25 ಸಾವಿರ ದಾಟಿತು. ಈಗ ಇಬ್ಬರೂ ನಮ್ಮವರಿಂದ ಅನ್ನುತ್ತಾರೆ. ಬೆಲೆ ಏರಿದ್ದು ಮರದಲ್ಲಿ ಕಾಯಿ ಇಲ್ಲದೆ. ಅದು ಅಣ್ಣನಿಗೆ ಗೊತ್ತು, ದಿನಾ ಮರ ನೋಡುತ್ತಾನೆ. ಆದರೂ ಫೋನ್ ಹಿಡಿದರೆ ಬೇರೆ ಮನುಷ್ಯ.

ನಾನು ಸುಮ್ನೆ ಕೂತಿಲ್ಲ. ತಮ್ಮನ ಫಾರ್ವರ್ಡ್ ಸುಳ್ಳು ಅಂತ ತೋರಿಸುವ ಒಂದು ವಿಡಿಯೋ ಹುಡುಕಿ ಅವನಿಗೆ ಕಳಿಸಿದೆ. ಅವನು ಅದಕ್ಕೆ ನಾಲ್ಕು ವಿಡಿಯೋ ಕಳಿಸಿದ. ಅಣ್ಣನಿಗೂ ಹೀಗೇ ಮಾಡಿ ನೋಡಿದೆ. ಅವನು ನನ್ನನ್ನೇ "ನೀನೂ ಅವನ ಪಾರ್ಟಿಯಾ" ಅಂದ.

ಈ ಸಲ ಅಮಾವಾಸ್ಯೆ ಭಾನುವಾರ. ಡ್ಯೂಟಿ ನೆಪ ನಡೆಯುವುದಿಲ್ಲ. ತಮ್ಮ ಬಂದರೆ ಏನು ಮಾಡಲಿ? ಮೊದಲೇ ಕೂರಿಸಿ ಮಾತಾಡಿಸಲಾ, ಏನೂ ಆಗಿಲ್ಲ ಅನ್ನುವ ಹಾಗೆ ಇದ್ದುಬಿಡಲಾ? ಯಾರ ಮನೆಯಲ್ಲಾದರೂ ಇಂಥದ್ದು ಸರಿ ಹೋಗಿದ್ದರೆ ಹೇಳಿ.


ಸುಮ್ನಿರಪ್ಪ
ಸೆಪ್ಟೆಂಬರ್ 6

ಅಕ್ಕ, ಗ್ರೂಪ್‌ನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಸೆಟ್ಟಿಂಗ್ ಮಾಡಿ. ನಮ್ಮನೆಯಲ್ಲಿ ಅದನ್ನೇ ಮಾಡಿದೆ. ಈಗ ನಾನೊಬ್ಬನೇ ಗುಡ್ ಮಾರ್ನಿಂಗ್ ಹಾಕುತ್ತೇನೆ. ಸ್ಮಶಾನ ಶಾಂತಿ ಅನ್ನಿ ಬೇಕಾದರೆ, ಆದರೂ ಶಾಂತಿ.

ಇನ್ನೊಂದು ಮಾತು, ತಮಾಷೆಗೆ. 2006ರಲ್ಲಿ ದಳ ಬಿಜೆಪಿ ಜೊತೆ ಸರ್ಕಾರ ಮಾಡಿತು. 2018ರಲ್ಲಿ ಕಾಂಗ್ರೆಸ್ ಜೊತೆ. 2023ರಲ್ಲಿ ಮತ್ತೆ ಬಿಜೆಪಿ ಜೊತೆ. ನಿಮ್ಮ ಅಪ್ಪ ಕೂತ ಜಗಲಿಯಿಂದ ಏಳದೆ ಎಷ್ಟು ಸಲ ಪಕ್ಷಾಂತರ ಮಾಡಿದ ಹಾಗಾಯಿತು ನೋಡಿ.


ಕೊನೇ ಟ್ರಿಪ್
ಸೆಪ್ಟೆಂಬರ್ 7

ತಂಗಿ, ನಾನು ಬಸ್ ಕಂಡಕ್ಟರ್. ಹಾಸನ ಕಡೆ ಹಳ್ಳಿ ರೂಟು. 2023ರ ಜೂನ್ 11ಕ್ಕೆ ಹೆಂಗಸರಿಗೆ ಫ್ರೀ ಬಸ್ ಶುರುವಾಯಿತಲ್ಲ, ಅವತ್ತಿಂದ ನಮ್ಮ ಬಸ್ಸು ದಿನಾ ವಿಧಾನಸಭೆ. ಈ ವರ್ಷ ಜನವರಿ 5ರಿಂದ ಟಿಕೆಟ್ ದರ ನೂರಕ್ಕೆ ಹದಿನೈದು ಏರಿದ ಮೇಲಂತೂ ಗಂಡಸರ ಬಾಯಿ ನಿಲ್ಲುವುದೇ ಇಲ್ಲ. ಅವರ ದುಡ್ಡನ್ನು ನಾವು ಕೊಡಬೇಕಾ ಅಂತ ಒಬ್ಬ ಶುರು ಮಾಡಿದರೆ ಸಾಕು. ನಾನು ಎಲ್ಲರಿಗೂ ಟಿಕೆಟ್ ಹರಿಯಬೇಕು, ಝೀರೋ ಟಿಕೆಟ್ ಕೂಡ. ಹರಿಯದೆ ಬಿಟ್ಟರೆ ಚೆಕಿಂಗ್‌ನವರು ನನ್ನನ್ನು ಹಿಡಿಯುತ್ತಾರೆ. ಹಾಗಾಗಿ ಎಲ್ಲರ ಮಾತೂ ಕಿವಿಗೆ ಬೀಳುತ್ತದೆ.

ಒಂದು ದಿನ ಬೆಳಿಗ್ಗೆ ಏಳೂವರೆ ಟ್ರಿಪ್. ಬಸ್ ತುಂಬ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು. ಒಬ್ಬರು ಯಜಮಾನರು ಹತ್ತಿ ಕಂಬಿ ಹಿಡಿದು ನಿಂತರು. ಒಂದು ಸ್ಟಾಪ್ ಸುಮ್ನಿದ್ದರು. ಆಮೇಲೆ "ಎಲ್ಲಾ ಫ್ರೀ ಗಿರಾಕಿಗಳು, ಮನೇಲಿ ಕೆಲಸ ಇಲ್ಲ ಇವಕ್ಕೆ" ಅಂದರು. ಊಟದ ಡಬ್ಬಿ ತೊಡೆ ಮೇಲಿಟ್ಟುಕೊಂಡಿದ್ದ ಒಬ್ಬಾಕೆ "ಕೆಲಸಕ್ಕೇ ಹೋಗ್ತಿರೋದು, ನಿಮ್ಮಪ್ಪನ ಬಸ್ಸಾ ಇದು" ಅಂದಳು. ಎರಡು ಸ್ಟಾಪ್ ಆಗುವಷ್ಟರಲ್ಲಿ ಇವರು ಸಿದ್ದರಾಮಯ್ಯನನ್ನು ಹಿಡಿದುಕೊಂಡಿದ್ದರು, ಆಕೆ ಗ್ಯಾಸ್ ಸಿಲಿಂಡರ್ ರೇಟು ಹಿಡಿದು ಮೋದಿಯನ್ನು ಜಗ್ಗುತ್ತಿದ್ದಳು. ಡ್ರೈವರ್ ಕನ್ನಡಿಯಲ್ಲಿ ನನ್ನ ಕಡೆ ನೋಡಿದ.

ನಾನು ಟಿಕೆಟ್ ಕೊಡುವ ನೆಪದಲ್ಲಿ ಹೋಗಿ "ಎಲ್ಲಿಗೆ ಯಜಮಾನ್ರೇ" ಅಂದೆ. "ಆಸ್ಪತ್ರೆಗೆ. ಮಂಡಿ ಮಡಿಸಕ್ಕಾಗಲ್ಲ" ಅಂದರು. ಆಕೆಗೆ ಕೇಳಿಸಿತು. ಏಳಲಿಲ್ಲ, ಸುಳ್ಳು ಯಾಕೆ ಹೇಳಲಿ. ಪಕ್ಕದ ಚಿಕ್ಕ ಹುಡುಗಿ ಎದ್ದಳು. ಇವರು ಕೂತರು. ಕೂತ ಮೇಲೂ ಬೈಯುವುದು ನಿಲ್ಲಿಸಲಿಲ್ಲ. ಆದರೆ ಸರ್ಕಾರ ಬಿಟ್ಟು ರಸ್ತೆ ಗುಂಡಿ ಬೈಯಲು ಶುರು ಮಾಡಿದರು. ಅದಕ್ಕೆ ಡಬ್ಬಿಯಾಕೆಯೂ ಹೂಂ ಅಂದಳು.

ನೋವು ಮಂಡಿಯದು, ಬೈಗುಳ ಸರ್ಕಾರಕ್ಕೆ. ನಿಮ್ಮ ತಮ್ಮನ ಮಂಡಿ ಎಲ್ಲಿ ನೋಯುತ್ತಿದೆ ಅಂತ ಕೇಳಿದ್ದೀರಾ? ಫಾರ್ವರ್ಡ್ ಬಿಡಿ, ಅದನ್ನು ಯಾರೋ ಬರೆದಿರುತ್ತಾರೆ. ಅದೇ ದಿನ ಅದನ್ನು ಕಳಿಸಬೇಕು ಅಂತ ಅವನಿಗೆ ಯಾಕೆ ಅನ್ನಿಸಿತು?


ಸೂಜಿದಾರ
ಸೆಪ್ಟೆಂಬರ್ 9

ಕೊನೇ ಟ್ರಿಪ್ ಅಣ್ಣಾ, ನಿಮ್ಮ ಮಾತು ಓದಿ ಅವತ್ತೇ ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ರಾಜಕೀಯ ಎತ್ತಲಿಲ್ಲ. ಆ ಸ್ಟೇಟಸ್ ನೋಡಿದಾಗ ನಿನಗೆ ಏನನ್ನಿಸಿತು ಅಂತ ಮಾತ್ರ ಕೇಳಿದೆ.

ತುಂಬ ಹೊತ್ತು ಸುಮ್ನಿದ್ದ. ಆಮೇಲೆ ಹೇಳಿದ. ಅಪ್ಪ ತೀರಿಹೋದ ಮೇಲೆ ಏಳು ವರ್ಷ ಅವನು ಮನೆಗೆ ತಿಂಗಳಿಗೆ ಐದು ಸಾವಿರ ಕಳಿಸಿದ್ದ. ಮಗನನ್ನು ಸ್ಕೂಲಿಗೆ ಸೇರಿಸಿದ ಮೇಲೆ ಆಗಲಿಲ್ಲ, ನಿಲ್ಲಿಸಿದ. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿತ್ತು ಅಷ್ಟೇ.

"ನನ್ನ ಐದು ಸಾವಿರಕ್ಕೆ ಯಾರಾದ್ರೂ ಒಂದಿನ ಸ್ಟೇಟಸ್ ಹಾಕಿದ್ರಾ ಅಕ್ಕ?" ಅಂದ.

ನಾನು ಏನು ಹೇಳಲಿ? ನನ್ನ ಮದುವೆ ಸಾಲದ ಕೊನೇ ಕಂತು ಹೋಗಿದ್ದೂ ಅದರಲ್ಲೇ.

ಮಾರನೇ ದಿನ ಅಂಗಡಿ ಬಾಗಿಲು ಹಾಕಿ ಊರಿಗೆ ಹೋದೆ. ಅತ್ತಿಗೆ ಕೊಬ್ಬರಿ ಅಟ್ಟದ ಕೆಳಗೆ ಕೂತು ಕಸ ಆರಿಸುತ್ತಿದ್ದಳು. ಮಾತಿನ ಮಧ್ಯೆ ಆ ಎರಡು ಸಾವಿರ ಏನು ಮಾಡುತ್ತೀ ಅಂತ ಕೇಳಿದೆ. ಚೀಟಿ ಹಾಕಿದ್ದಾಳೆ. ಈ ಮೇನಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟು ಹೋದಾಗ ಚೀಟಿ ಎತ್ತಿ ರಿವೈಂಡಿಂಗ್ ಮಾಡಿಸಿದ್ದು ಅವಳೇ. ಮಾಡಿಸದಿದ್ದರೆ ನಾಲ್ಕು ಎಕರೆಯೂ ಒಣಗುತ್ತಿತ್ತು. ಅದರಲ್ಲಿ ತಮ್ಮನ ಪಾಲೂ ಇದೆ.

ನನಗೆ ಖುಷಿಯಾಯಿತು. ಸಿಕ್ಕಿತಲ್ಲ ಔಷಧಿ! ಇದನ್ನು ತಮ್ಮನಿಗೆ ಹೇಳುತ್ತೇನೆ, ಇನ್ನೊಂದು ಸಲ ಬಿಟ್ಟಿ ಅನ್ನಲಿ ನೋಡೋಣ ಅಂದೆ.

ಅತ್ತಿಗೆ ಮೊರ ಕೆಳಗಿಟ್ಟಳು. "ಬೇಡ. ಲೆಕ್ಕ ಕೊಟ್ಟು ಮರ್ಯಾದೆ ಇಸ್ಕೋಬೇಕಾ ನಾನು?" ಅಂದಳು. "ಮೋಟಾರಿಗೆ ಹಾಕಿದ್ರೆ ಒಳ್ಳೆಯವಳು. ಸೀರೆ ತಗೊಂಡಿದ್ರೆ ಬಿಟ್ಟಿಯವಳು, ಅಲ್ವಾ?"

ಈಗ ನನ್ನ ಕೈಯಲ್ಲಿ ಎರಡು ಗುಟ್ಟು ಇವೆ. ಎರಡನ್ನೂ ಯಾರಿಗೂ ಹೇಳುವ ಹಾಗಿಲ್ಲ.


ಹಿಮದೂರಿನವಳು
ಸೆಪ್ಟೆಂಬರ್ 10

ನಿಮ್ಮ ಅತ್ತಿಗೆಯ ಮಾತನ್ನು ಚೀಟಿಯಲ್ಲಿ ಬರೆದು ನಮ್ಮ ಫ್ರಿಜ್ಜಿಗೆ ಅಂಟಿಸಿದ್ದೇನೆ. ನಾನು ಅಮೆರಿಕದ ಮಿನೆಸೋಟಾದಲ್ಲಿದ್ದೇನೆ, ಮೂಲ ದಾವಣಗೆರೆ.

ಇಲ್ಲಿ ಈ ರೋಗ ಯಾವ ಮಟ್ಟಕ್ಕೆ ಹೋಗಿದೆ ಅಂದರೆ ಅದನ್ನು ಮದುವೆಯಲ್ಲಿ ಅಳೆದಿದ್ದಾರೆ. ಸ್ಟ್ಯಾನ್‌ಫರ್ಡ್‌ನ ಶಾಂತೋ ಅಯ್ಯಂಗಾರ್ ಮತ್ತು ಅವರ ಜೊತೆಯವರು 2012ರಲ್ಲಿ ಬರೆದ ಒಂದು ಲೇಖನ ಇದೆ. ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ಬೇಸರವಾಗುತ್ತದಾ ಅನ್ನುವ ಪ್ರಶ್ನೆ. 1960ರಲ್ಲಿ ಹೌದು ಅಂದವರು ರಿಪಬ್ಲಿಕನ್ನರಲ್ಲಿ ನೂರಕ್ಕೆ 5, ಡೆಮಾಕ್ರಾಟರಲ್ಲಿ 4. 2010ರಲ್ಲಿ 49 ಮತ್ತು 33. ನಮ್ಮಲ್ಲಿ ಜಾತಿ ಕೇಳುವ ಜಾಗದಲ್ಲಿ ಇಲ್ಲಿ ಪಕ್ಷ ಬಂದು ಕೂತಿದೆ. ಪೇಪರ್‌ನವರು ಇದಕ್ಕೆ ಧ್ರುವೀಕರಣ ಅನ್ನುತ್ತಾರೆ. ನನಗೆ ಆ ಪದ ಕೇಳಿದರೆ ಶಾಲೆಯ ಭೂಗೋಳ ನೆನಪಾಗುತ್ತದೆ. ನಮ್ಮಜ್ಜಿ ಆಗಿದ್ದರೆ "ಒಬ್ಬರ ಮುಖ ಒಬ್ಬರಿಗೆ ಆಗಲ್ಲ" ಅನ್ನುತ್ತಿದ್ದಳು.

ವಿಡಿಯೋ ಕಳಿಸಿದ್ದು ಕೆಲಸ ಮಾಡಲಿಲ್ಲ ಅಂದಿರಲ್ಲ, ಅದು ನಿಮ್ಮ ತಪ್ಪಲ್ಲ. ಕ್ರಿಸ್ ಬೇಲ್ ಅನ್ನುವವರು ಮತ್ತು ಅವರ ತಂಡ ಇಲ್ಲಿನ ಟ್ವಿಟರ್ ಬಳಸುವವರಿಗೆ ದುಡ್ಡು ಕೊಟ್ಟು, ಒಂದು ತಿಂಗಳು ಎದುರು ಪಕ್ಷದ ಮಾತುಗಳನ್ನು ಓದಿಸಿದರು. ಫಲಿತಾಂಶ ಬಂದಿದ್ದು 2018ರಲ್ಲಿ. ರಿಪಬ್ಲಿಕನ್ನರು ಮೆತ್ತಗಾಗುವುದಿರಲಿ, ಮೊದಲಿಗಿಂತ ಗಟ್ಟಿಯಾದರು. ಡೆಮಾಕ್ರಾಟರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಏನೂ ಆಗಲಿಲ್ಲ.

ನಾನು ಒಂದು ಸಲ ಬ್ರೇವರ್ ಏಂಜೆಲ್ಸ್ ಅನ್ನುವವರ ಶಿಬಿರಕ್ಕೆ ಹೋಗಿದ್ದೆ. 2016ರ ಡಿಸೆಂಬರ್‌ನಲ್ಲಿ, ಟ್ರಂಪ್ ಮೊದಲ ಸಲ ಗೆದ್ದ ಮೇಲೆ, ಓಹಾಯೋದ ಸೌತ್ ಲೆಬನಾನ್ ಅನ್ನುವ ಊರಿನಲ್ಲಿ 10 ಜನ ಟ್ರಂಪ್ ಕಡೆಯವರು, 11 ಜನ ಹಿಲರಿ ಕ್ಲಿಂಟನ್ ಕಡೆಯವರು ಒಟ್ಟಿಗೆ ಕೂತರು. ಅದೇ ಇವರ ಶುರು. ಅವತ್ತು ಹೇಗೆ ಕೂರಬೇಕು, ಏನು ಮಾತಾಡಬೇಕು ಅಂತ ಕ್ರಮ ಹಾಕಿಕೊಟ್ಟವರು ಬಿಲ್ ಡೊಹರ್ಟಿ, ನಮ್ಮ ಮಿನೆಸೋಟಾ ವಿಶ್ವವಿದ್ಯಾಲಯದವರು. ಅವರ ಕಸುಬು ಏನು ಗೊತ್ತಾ? ಗಂಡ ಹೆಂಡಿರ ಜಗಳದಲ್ಲಿ ಸಲಹೆ ಕೊಡುವುದು! ಮನೆ ಮುರಿಯುವ ಹೊತ್ತಿಗೆ ಬಂದವರನ್ನು ಕೂರಿಸಿ ಮಾತಾಡಿಸುವ ಅನುಭವವನ್ನೇ ರಾಜಕೀಯಕ್ಕೆ ತಂದಿದ್ದಾರೆ.

ನಾನು ಹೋದ ದಿನ ಒಂದು ಲೈಬ್ರರಿಯಲ್ಲಿ ನಡೆದಿತ್ತು. ಒಂದು ಕಡೆ ಕೆಂಪು ಗುಂಪು, ಅಂದರೆ ರಿಪಬ್ಲಿಕನ್ನರು. ಇನ್ನೊಂದು ಕಡೆ ನೀಲಿ. ನಾನು ನೀಲಿ. ಎದುರಿನವರ ತಪ್ಪು ಹೇಳಲು ನಾನು ತಯಾರಾಗಿ ಹೋಗಿದ್ದೆ. ಅವರು ಕೇಳಿದ್ದೇ ಬೇರೆ. ಎದುರಿನವರು ನಿಮ್ಮ ಬಗ್ಗೆ ಏನೇನು ಅಂದುಕೊಂಡಿದ್ದಾರೆ, ಅದನ್ನು ನೀವೇ ಬರೆಯಿರಿ. ಅದರ ಪಕ್ಕದಲ್ಲಿ ನಿಜ ಏನು ಅಂತ ಬರೆಯಿರಿ. ಆಮೇಲೆ ಅವರು ಅನ್ನುವುದರಲ್ಲಿ ಒಂದು ಕಾಳಿನಷ್ಟು ಸತ್ಯ ಇದ್ದರೆ ಅದನ್ನೂ ಬರೆಯಿರಿ. ಬೇರೆ ಬೇರೆ ಕೋಣೆಯಲ್ಲಿ ಬರೆದು ಬಂದು ಓದಬೇಕು.

ಕೆಂಪು ಕಡೆಯಿಂದ ಒಬ್ಬ ದೊಡ್ಡ ಗಡ್ಡದವನು ಎದ್ದ. "ನಮಗೆ ವಲಸೆ ಬಂದವರನ್ನು ಕಂಡರೆ ಆಗುವುದಿಲ್ಲ ಅಂತ ನೀವು ಅಂದುಕೊಂಡಿದ್ದೀರಿ" ಅಂತ ಓದಿದ. ಆಮೇಲೆ ನಿಜ ಏನು ಅಂತ ಓದಿದ. ಕಾಳಿನ ಜಾಗಕ್ಕೆ ಬಂದಾಗ ನಿಂತ. ನಮ್ಮಲ್ಲಿ ಕೆಲವರು ಹಾಗೇ ಇದ್ದಾರೆ, ಅವರು ಮಾತಾಡುವಾಗ ನಾನು ತಡೆಯುವುದಿಲ್ಲ ಅಂದ. ಓದುವಾಗ ಕೋಣೆಯಲ್ಲಿದ್ದ ಕಂದು ಬಣ್ಣದವಳು ನಾನೊಬ್ಬಳೇ.

ಅವನ ವೋಟು ಬದಲಾಗಿರಲಿಕ್ಕಿಲ್ಲ. ನನ್ನದೂ ಆಗಿಲ್ಲ. ಆದರೆ ಕೆಂಪು ಅಂದರೆ ಈಗ ನನ್ನ ತಲೆಗೆ ಟಿವಿಯ ಮುಖ ಬರುವುದಿಲ್ಲ, ಅವನ ಗಡ್ಡ ಬರುತ್ತದೆ. ಒಂದು ಮಾತು ಮುಚ್ಚಿಡಬಾರದು. ಇಂಥ ಶಿಬಿರಕ್ಕೆ ಬರುವವರು ಅರ್ಧ ಮನಸ್ಸು ಮಾಡಿಕೊಂಡೇ ಬಂದಿರುತ್ತಾರೆ. ನಿಮ್ಮ ಅಣ್ಣನಂಥವರು ಬರುವುದೇ ಇಲ್ಲ.

ನಿಮ್ಮ ಗುಟ್ಟುಗಳನ್ನು ಹೇಳಬೇಡಿ. ಅಣ್ಣನಿಗೆ ಒಂದೇ ಪ್ರಶ್ನೆ ಕೇಳಿ ನೋಡಿ. ತಮ್ಮ ನಿನ್ನ ಬಗ್ಗೆ ಏನಂದುಕೊಂಡಿದ್ದಾನೆ ಅಂತ ನಿನಗೆ ಅನ್ನಿಸುತ್ತದೆ, ಅದರಲ್ಲಿ ಕಾಳಿನಷ್ಟು ನಿಜ ಇದೆಯಾ ಅಂತ.


ಜಾತ್ರೆ ಅಂಗಡಿ
ಸೆಪ್ಟೆಂಬರ್ 12

ಎಲ್ಲ ಓದಿದೆ. ಚೆನ್ನಾಗಿ ಉಂಟು. ಆದರೆ ಒಂದು ಮಾತು ಹೇಳದಿದ್ದರೆ ನನಗೆ ನಿದ್ದೆ ಬರಲಿಕ್ಕಿಲ್ಲ.

ನಾನು ಉಡುಪಿ ಕಡೆಯವನು, ಬ್ಯಾರಿ. ಜಾತ್ರೆಗಳಲ್ಲಿ ಆಟದ ಸಾಮಾನಿನ ಅಂಗಡಿ ಹಾಕುವುದು. ಅಪ್ಪನ ಕಾಲದಿಂದ ಅದೇ ಕೆಲಸ. ಯಾವ ಜಾತ್ರೆ ಯಾವಾಗ, ಯಾವ ದೇವರ ತೇರು ಯಾವ ದಾರಿಯಲ್ಲಿ ಬರುತ್ತದೆ ಅಂತ ನಮಗೆ ಬಾಯಿಪಾಠ. 2022ರಲ್ಲಿ, ಹಿಜಾಬ್ ಗಲಾಟೆ ಆದ ಮೇಲೆ, ಮಾರ್ಚ್‌ನಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ನಮ್ಮವರಿಗೆ ಅಂಗಡಿ ಹಾಕಲಿಕ್ಕಿಲ್ಲ ಅಂತ ಬ್ಯಾನರ್ ಕಟ್ಟಿದರು. ಕೇಳಿದರೆ 2002ರ ನಿಯಮ ತೋರಿಸಿದರು. ಹಿಂದೂ ಅಲ್ಲದವರಿಗೆ ದೇವಸ್ಥಾನದ ಜಾಗ ಗುತ್ತಿಗೆ ಕೊಡಬಾರದು ಅಂತ ಅದರಲ್ಲಿ ಉಂಟಂತೆ. ಇಪ್ಪತ್ತು ವರ್ಷ ಆ ಕಾಗದ ಎಲ್ಲಿ ಮಲಗಿತ್ತೋ ದೇವರಿಗೇ ಗೊತ್ತು. ನಾನು ಪ್ರತಿ ವರ್ಷ ಹಾಕುತ್ತಿದ್ದ ಒಂದು ಜಾತ್ರೆಯಲ್ಲೂ ಹೀಗಾಯಿತು. ಮಾಲು ಎಲ್ಲ ತಂದಾಗಿತ್ತು.

ಕಂಡಕ್ಟರ್ ಅಣ್ಣ ಹೇಳಿದ ಮಂಡಿ ನೋವು ನಿಜ. ಆದರೆ ಎಲ್ಲ ಕಡೆ ಮಂಡಿ ಹುಡುಕಲಿಕ್ಕೆ ಹೋಗಬೇಡಿ ಮಾರಾಯ್ರೆ. ಬ್ಯಾನರ್ ಕಟ್ಟಿದವನಿಗೆ ಎಲ್ಲಿ ನೋಯುತ್ತಿತ್ತು ಅಂತ ನಾನು ಹೋಗಿ ಕೇಳಬೇಕಾ? ಅಕ್ಕ, ನಿಮ್ಮ ಮನೆಯಲ್ಲಿ ಅಣ್ಣನಿಗೂ ಮಣೆ ಉಂಟು, ತಮ್ಮನಿಗೂ ಉಂಟು. ಅದಕ್ಕೇ ಇಬ್ಬರನ್ನೂ ಕೂರಿಸಬಹುದು. ನನ್ನ ಮಣೆಯನ್ನೇ ತೆಗೆದಿದ್ದರು.

ಇನ್ನೊಂದು ಹೇಳುತ್ತೇನೆ, ಅದನ್ನು ಏನಂತ ತಿಳಿಯಬೇಕೋ ನನಗೇ ಗೊತ್ತಿಲ್ಲ. ನನ್ನ ಪಕ್ಕದಲ್ಲಿ ಚರುಮುರಿ ಅಂಗಡಿ ಹಾಕುವವ ಒಬ್ಬ ಇದ್ದಾನೆ. ಬ್ಯಾನರ್ ಕಟ್ಟಿದವರ ಪಕ್ಷಕ್ಕೇ ವೋಟು ಹಾಕುವವ, ಮುಚ್ಚಿಡುವುದೂ ಇಲ್ಲ. ಆ ಜಾತ್ರೆಯ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. "ಮಕ್ಕಳು ಆಟದ ಸಾಮಾನು ಎಲ್ಲಿ ಅಂತ ಕೇಳ್ತಿದ್ರು, ಇವತ್ತು ನಂಗೂ ವ್ಯಾಪಾರ ಇಲ್ಲ" ಅಂದ. ಆಮೇಲೆ ಇಬ್ಬರೂ ಸುಮ್ಮನಾದೆವು. ಇಟ್ಟುಬಿಟ್ಟ. ಅದು ಬೇಸರವಾ, ಕ್ಷಮೆಯಾ, ಬರೀ ವ್ಯಾಪಾರದ ಲೆಕ್ಕವಾ? ಮೂರು ವರ್ಷ ಆಯಿತು, ನಾನು ಕೇಳಲಿಲ್ಲ. ಬೇರೆ ಜಾತ್ರೆಗಳಲ್ಲಿ ಈಗಲೂ ಪಕ್ಕ ಪಕ್ಕದಲ್ಲೇ ಇರುತ್ತೇವೆ. ಚಿಲ್ಲರೆ ಬೇಕಾದರೆ ಅವನೇ ಕೊಡುವುದು.


ಸೂಜಿದಾರ
ಸೆಪ್ಟೆಂಬರ್ 12

ಜಾತ್ರೆ ಅಂಗಡಿ ಅಣ್ಣಾ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಒಂದು ವಿಷಯ ಹೇಳಲೇಬೇಕು. ಆ ವರ್ಷ ಅಂಥ ಒಂದು ಬ್ಯಾನರ್‌ನ ಫೋಟೋ ನಮ್ಮ ಮನೆ ಗ್ರೂಪಿಗೂ ಬಂದಿತ್ತು. ಆಗ ಗ್ರೂಪಿನಲ್ಲಿ ಜಗಳ ಆಗಲಿಲ್ಲ. ಅಣ್ಣನೂ ಏನೂ ಅನ್ನಲಿಲ್ಲ, ತಮ್ಮನೂ ಅನ್ನಲಿಲ್ಲ. ನಾನು ಬೆರಳೆತ್ತಿದ ಗುರುತು ಒತ್ತಲಿಲ್ಲ ನಿಜ. ಆದರೆ ನೋಡಿ, ಮೇಲೆ ತಳ್ಳಿ, ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಶುಭಾಶಯ ಹಾಕಿದ್ದೆ. ಗ್ರೂಪ್ ಚೆನ್ನಾಗಿತ್ತು ಅಂತ ನಾನು ನೆನೆಸಿಕೊಳ್ಳುವ ಕಾಲ ಅದೇ.


ಕೊನೇ ಟ್ರಿಪ್
ಸೆಪ್ಟೆಂಬರ್ 13

ಸಾಹೇಬ್ರೇ, ನೀವು ಹೇಳಿದ್ದು ಸರಿ. ನನ್ನ ಬಸ್ಸಲ್ಲಿ ಎಲ್ಲರಿಗೂ ಹತ್ತಲು ಬಾಗಿಲಿದೆ. ಹತ್ತಿದವರ ಜಗಳ ಮಾತ್ರ ನಾನು ನೋಡಿದ್ದು.


ಸೂಜಿದಾರ
ಸೆಪ್ಟೆಂಬರ್ 21, ರಾತ್ರಿ

ಏನಾಯಿತು ಅಂತ ಕೆಲವರು ಕೇಳಿದ್ದೀರಿ.

ಹಿಮದೂರಿನ ಅಕ್ಕ ಹೇಳಿದ ಪ್ರಶ್ನೆಯನ್ನು ಹೋದ ವಾರ ಅಣ್ಣನಿಗೆ ಕೇಳಿದೆ. ಮರದ ಬುಡ ಬಿಡಿಸುತ್ತಿದ್ದ. "ಅವನು ನನ್ನ ದಡ್ಡ ಅಂದ್ಕೊಂಡಿದ್ದಾನೆ" ಅಂದ. ಕಾಳಿನಷ್ಟು ನಿಜ ಇದೆಯಾ ಅಂದೆ. ಗುದ್ದಲಿ ತೆಗೆದುಕೊಂಡು ಇನ್ನೊಂದು ಮರಕ್ಕೆ ಹೋದ. ಶಿಬಿರ ಅಲ್ಲಿಗೆ ಮುಗಿಯಿತು. ಆದರೆ ಸಂಜೆ ನಾನು ಹೊರಡುವಾಗ, ಮುಖ ನೋಡದೆ, "ಅವನು ಕಳಿಸ್ತಿದ್ದ ದುಡ್ಡಲ್ಲಿ ಅರವತ್ತು ಸಸಿ ಇಟ್ಟಿದ್ದೆ. ಈಗ ಹೊಂಬಾಳೆ ಬಿಟ್ಟಿವೆ, ಅವನಿಗೆ ಗೊತ್ತಿಲ್ಲ" ಅಂದ. ನೀನೇ ಹೇಳು ಅಂದೆ. ಉತ್ತರ ಇಲ್ಲ.

ಇವತ್ತು ತಮ್ಮ ಬಂದ. ಹತ್ತಕ್ಕೆ ಬರುತ್ತೇನೆ ಅಂದವನು ಬಂದಾಗ ಎಡೆ ಇಡುವ ಹೊತ್ತಾಗಿತ್ತು. ಹೆಂಡತಿ ಮಗನೂ ಬಂದಿದ್ದರು. ಅಣ್ಣ "ಬಂದ್ಯಾ" ಅನ್ನಲಿಲ್ಲ. ಅಮ್ಮ ಅಂದಳು. ಅಪ್ಪನ ಫೋಟೋ ಮುಂದೆ ಬೀಡಿ ಕಟ್ಟು ಇಡುವುದು ಯಾವಾಗಲೂ ತಮ್ಮನ ಕೆಲಸ. ಹೋದ ವರ್ಷ ಅದನ್ನು ಅಣ್ಣ ಇಟ್ಟಿದ್ದ. ಈ ಸಲ ಬೀಡಿ ಕಟ್ಟನ್ನು ಕಿಟಕಿ ಮೇಲೆ ಹಾಗೇ ಬಿಟ್ಟಿದ್ದ. ತಮ್ಮ ಬಂದು, ಕೈಕಾಲು ತೊಳೆದು, ಅದನ್ನು ಎತ್ತಿಟ್ಟ.

ಊಟಕ್ಕೆ ಒಂದೇ ಸಾಲಿನಲ್ಲಿ ಕೂತರು. ನಾನು ಕೂರಿಸಿದ್ದಲ್ಲ, ನಮ್ಮ ನಡುಮನೆ ಚಿಕ್ಕದು, ಬೇರೆ ಸಾಲಿಗೆ ಜಾಗ ಇಲ್ಲ. ನಡುವೆ ತಮ್ಮನ ಮಗ. ಅತ್ತಿಗೆ ಎಲ್ಲರಿಗೂ ಬಡಿಸಿದಳು. ತಮ್ಮನ ಎಲೆಗೂ ಎಲ್ಲರಿಗೆ ಹಾಕಿದಷ್ಟೇ ಹಾಕಿದಳು, ಇನ್ನೊಂದು ಸ್ವಲ್ಪ ಹಾಕ್ಲಾ ಅಂತ ಕೇಳಲಿಲ್ಲ. ಮೊದಲೆಲ್ಲ ಬೇಡ ಬೇಡ ಅಂದರೂ ಸುರಿಯುತ್ತಿದ್ದಳು. ತಮ್ಮ ಅದನ್ನು ಗಮನಿಸಿದ. "ಅತ್ತಿಗೆ, ಸಾರು" ಅಂದ. ಒಂದು ಸೌಟು ಹಾಕಿ ಮುಂದೆ ಹೋದಳು.

ಮಧ್ಯಾಹ್ನ ಮಗನಿಗೆ ತೋಟ ತೋರಿಸಲು ಹೋದವನು ಹಿತ್ತಲ ಬಾಗಿಲಲ್ಲಿ ಬಂದ. ಅಣ್ಣ ಅಲ್ಲಿ ಕೊಬ್ಬರಿ ಸುಲಿಯುತ್ತಿದ್ದ. ಅತ್ತಿಗೆ ಪಾತ್ರೆ ತೊಳೆಯುತ್ತಿದ್ದಳು. ನಾನು ಒರೆಸಿ ಇಡುತ್ತಿದ್ದೆ.

"ಆ ಕಡೆ ಸಸಿ ಯಾವುದು?" ಅಂದ ತಮ್ಮ.

"ನಿಂದೇ" ಅಂದ ಅಣ್ಣ.

ಒಂದೂವರೆ ವರ್ಷದಲ್ಲಿ ಅವರಿಬ್ಬರು ಆಡಿದ ಮೊದಲ ಮಾತು. ತಮ್ಮನಿಗೆ ಅರ್ಥ ಆಯಿತೋ ಇಲ್ಲವೋ ಗೊತ್ತಿಲ್ಲ. ಸ್ವಲ್ಪ ಹೊತ್ತು ನಿಂತು "ಮೋಟಾರ್ ಸದ್ದು ಬೇರೆ ಥರ ಇದೆ" ಅಂದ.

"ಸುಟ್ಟೋಗಿತ್ತು, ಮೇ ತಿಂಗಳು."

"ಎಷ್ಟಾಯ್ತು?"

ಅಣ್ಣ ಅತ್ತಿಗೆ ಕಡೆ ನೋಡಿದ. ಅತ್ತಿಗೆ ನೀರಿನ ಸದ್ದು ಜೋರು ಮಾಡಿದಳು. "ಆಯ್ತು ಬಿಡು" ಅಂದ ಅಣ್ಣ.

ನನ್ನ ನಾಲಿಗೆ ತುದಿಯವರೆಗೂ ಬಂದಿತ್ತು. ಲೋಟ ಒರೆಸಿದೆ.

ಸಂಜೆ ರೈಲಿಗೆ ಹೊರಟರು. ತಮ್ಮನನ್ನು ಗ್ರೂಪಿಗೆ ಮತ್ತೆ ಸೇರಿಸಿದ್ದೇನೆ, ಅವನೇ ಕೇಳಿದ. ಎಡೆಯ ಫೋಟೋ ಹಾಕಿದ. ಇಷ್ಟಕ್ಕೇ ಖುಷಿ ಪಡೋಣ ಅಂದುಕೊಂಡರೆ ನಾಳೆಯಿಂದ ರಾಜ್ಯದಲ್ಲಿ ಸಮೀಕ್ಷೆ ಶುರು ನೋಡಿ. ಜಾತಿ ಕಾಲಂನಲ್ಲಿ ಏನು ಬರೆಸಬೇಕು, ಉಪಜಾತಿ ಬರೆಸಬೇಕಾ ಬೇಡವಾ ಅಂತ ಚಿಕ್ಕಪ್ಪ ಒಂದು ಫಾರ್ವರ್ಡ್ ಬಿಟ್ಟರು. ಎರಡು ಬಾಣದ್ದೇ. ಇದನ್ನು ಯಾರು ಬರೆದಿದ್ದು ಅಂತ ನಾನು ಒಂದೇ ಒಂದು ಪ್ರಶ್ನೆ ಕೇಳಿದೆ.

ಈ ಸಲ ಅಣ್ಣ ತಮ್ಮ ಇಬ್ಬರೂ ಒಂದೇ ಕಡೆ. ಅರ್ಧ ಗಂಟೆಯಿಂದ ಇಬ್ಬರೂ ಸೇರಿ ನನಗೆ ಬುದ್ಧಿ ಹೇಳುತ್ತಿದ್ದಾರೆ.